ಎಲುಬಿನೊಳಗಿನ ರಕ್ತದ ದಾರಿಯನ್ನು ಕಣ್ಣಾರೆ ಕಾಣುವ ಬಗೆ

ಎಲುಬು ರಕ್ತ ಹರಿಯುವ ಜೀವಂತ ಅಂಗಾಂಶವೆಂಬುದನ್ನು ಪ್ರೌಢಶಾಲೆಯ ಮಕ್ಕಳಿಗೆ ಮನಗಾಣಿಸಲು ಪಠ್ಯದ ಚಿತ್ರಕ್ಕಿಂತ ಆಡಿನ ತೊಡೆಯೆಲುಬೇ ಹೆಚ್ಚು ನೆರವಾಗುತ್ತದೆ. ಮಂಗಳೂರಿನ ಮಾಂಸದಂಗಡಿಯಲ್ಲಿ ಇಂಥ ಎರಡು ಎಲುಬುಗಳನ್ನು ಇಡಿಯಾಗಿ ಕೇಳಿ ಪಡೆದು, ಒಂದನ್ನು ಮಾತ್ರ ಉದ್ದಕ್ಕೆ ಗರಗಸದಿಂದ ಸೀಳಿಸಿಕೊಳ್ಳಿ. ಕತ್ತಿಯಿಂದ ಕಡಿಸಿದರೆ ಅಂಚು ಸಿಡಿದು ಒಳರಚನೆ ಕೆಡುತ್ತದೆ. ನಮ್ಮ ಆಟಿಯ ಮಳೆಯಲ್ಲಿ ಎಲುಬು ಬೇಗ ನಾರುವುದರಿಂದ, ತಂದ ದಿನವೇ ಪರಿಶೀಲನೆ ಮುಗಿಸುವುದು ಒಳ್ಳೆಯದು.

ಮೊದಲು ಇಡಿ ಎಲುಬನ್ನು ಕೈಗೆತ್ತಿಕೊಂಡು ಉಗುರಿನಿಂದ ಕೆರೆಯಿರಿ. ತೆಳುವಾದರೂ ಬಿಗಿಯಾದ ಪೊರೆಯೊಂದು ಏಳುತ್ತದೆ. ಗಟ್ಟಿ ಎಲುಬಿನ ಹೊರಪದರಕ್ಕೆ ರಕ್ತ ಒದಗುವುದು ಈ ಅಸ್ಥಿಪೊರೆಯ ಸಣ್ಣ ನಾಳಗಳಿಂದ. ಪೊರೆ ಸುಲಿದ ಮೇಲೆ ಎಲುಬಿನ ದಂಡವನ್ನು ಬೆಳಕಿಗೆ ಹಿಡಿದು, ಅವಸರಪಡದೆ ಸುತ್ತಲೂ ತಿರುಗಿಸಿ ನೋಡಿ. ಅಕ್ಕಿಕಾಳಿಗಿಂತ ಕಿರಿದಾದ ಒಂದು ರಂಧ್ರ ಕಾಣಿಸುತ್ತದೆ. ಹಿಡಿಸೂಡಿ ಕಡ್ಡಿಯ ತುದಿಯನ್ನು ಚೂಪು ಮಾಡಿ ಅದರೊಳಗೆ ಮೆಲ್ಲನೆ ತೂರಿಸಿದರೆ, ಕಡ್ಡಿ ನೇರವಾಗಿ ಇಳಿಯದೆ ಓರೆಯಾಗಿ ಮಜ್ಜೆಯತ್ತ ಜಾರುತ್ತದೆ. ಎಲುಬಿಗೆ ರಕ್ತ ತರುವ ಪೋಷಕ ಅಪಧಮನಿ ಒಳಹೊಗುವ ಬಾಗಿಲು ಇದೇ. ಒಳಗೆ ಅದು ಮೇಲಕ್ಕೂ ಕೆಳಕ್ಕೂ ಕವಲೊಡೆದು, ಮಜ್ಜೆಯನ್ನೂ ಗಟ್ಟಿ ಎಲುಬಿನ ಒಳಭಾಗವನ್ನೂ ಪೋಷಿಸುತ್ತದೆ. ಮಕ್ಕಳ ಕೈಯಿಂದಲೇ ಈ ಕಡ್ಡಿ ತೂರಿಸಬೇಕು; ಬೆರಳಿಗೆ ಸಿಕ್ಕ ದಾರಿಯನ್ನು ಅವರು ಮರೆಯುವುದಿಲ್ಲ.

ಸೀಳಿದ ಎಲುಬಿನ ತುದಿಗಳು ಆಗಷ್ಟೇ ಕಡಿದ ಮುರಕಲ್ಲಿನಂತೆ ತೂತುತೂತಾಗಿ ಕಾಣುತ್ತವೆ. ಆದರೆ ಮುರಕಲ್ಲಿನ ತೂತುಗಳಿಗೆ ಕ್ರಮವಿಲ್ಲ. ಇಲ್ಲಿನ ಸಣ್ಣ ಎಳೆಗಳು ಭಾರ ಬೀಳುವ ದಿಕ್ಕನ್ನು ಅನುಸರಿಸಿ ನಿಂತಿರುತ್ತವೆ.

ಗಟ್ಟಿ ಭಾಗದ ರಚನೆಗೆ ಸೂಕ್ಷ್ಮದರ್ಶಕ ಬೇಕು. ಸುಮಾರು 0.2 ಮಿಲಿಮೀಟರ್ ಅಗಲದ ಉರುಟು ಕಂಬಗಳು ಒತ್ತೊತ್ತಾಗಿ ನಿಂತಿದ್ದು, ಪ್ರತಿಯೊಂದರ ನಡುವೆಯೂ ರಕ್ತನಾಳ ಸಾಗುವ ಕೊಳವೆಯಿರುತ್ತದೆ. 1691ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಇಂಥ ಕೊಳವೆಗಳನ್ನು ವಿವರಿಸಿದ ಇಂಗ್ಲಿಷ್ ವೈದ್ಯ ಕ್ಲಾಪ್ಟನ್ ಹ್ಯಾವರ್ಸ್‌ನ ಹೆಸರೇ ಅವಕ್ಕೆ ಉಳಿದಿದೆ. ಖನಿಜ ತುಂಬಿದ ಕಂಬದ ಗೋಡೆಯ ಮೂಲಕ ಆಹಾರ ಸುಲಭವಾಗಿ ಹಾಯಲಾರದ ಕಾರಣ, ಗೋಡೆಯೊಳಗೆ ಹುದುಗಿದ ಜೀವಕೋಶಗಳು ಕೂದಲಿಗಿಂತ ಎಷ್ಟೋ ಸಪೂರವಾದ ಕಾಲುವೆಗಳಲ್ಲಿ ತಮ್ಮ ಎಳೆಗಳನ್ನು ಚಾಚಿ, ಕೋಶದಿಂದ ಕೋಶಕ್ಕೆ ಪೋಷಣೆಯನ್ನು ದಾಟಿಸುತ್ತವೆ.

ಆ ಗೋಡೆಯ ಖನಿಜವನ್ನು ಮನಗಾಣಿಸಲು, ಕೋಳಿಯ ಸಪೂರ ಎಲುಬೊಂದನ್ನು ವಾರದ ಕಾಲ ವಿನೆಗರ್‌ನಲ್ಲಿ ಮುಳುಗಿಸಿಟ್ಟರೆ ಕ್ಯಾಲ್ಸಿಯಂ ಕರಗಿ, ಉಳಿದ ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನು ರಬ್ಬರಿನಂತೆ ಬಾಗುತ್ತದೆ.

ಕೊನೆಯಲ್ಲಿ ತೊಡೆಯೆಲುಬಿನ ಮೇಲ್ತುದಿಯ ಗುಂಡನ್ನು ತೋರಿಸಿ. ಮನುಷ್ಯರಲ್ಲಿ ಇದಕ್ಕೆ ರಕ್ತ ಒಯ್ಯುವ ಮುಖ್ಯ ನಾಳಗಳು ಗುಂಡಿನ ಕೆಳಗಿನ ಸಪೂರ ಭಾಗವಾದ ಕತ್ತನ್ನು ಸುತ್ತಿಕೊಂಡೇ ಸಾಗುತ್ತವೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಜ್ಜಿ ಜಾರಿಬಿದ್ದು ಆ ಕತ್ತು ಮುರಿದರೆ, ನಾಳಗಳೂ ಹರಿದು ಗುಂಡು ಸಾಯಬಹುದು. ಅನೇಕ ವೃದ್ಧರಿಗೆ ಅಲ್ಲಿ ಕೃತಕ ಗುಂಡನ್ನು ಜೋಡಿಸುವುದು ಇದೇ ಕಾರಣಕ್ಕೆ.