ಲಸಿಕೆ ತಪ್ಪಿದ ಮಗುನ ಹುಡ್ಕೋದು ಹೇಗೆ? ಕೊಡಗಿನ ಸಿಸ್ಟರ್, ಆಶಾ ಕಾರ್ಯಕರ್ತೆ, ಡಾಕ್ಟರ್‌ಗಳಿಗೆ ಒಂದಿಷ್ಟು ದಾರಿ

ಲಸಿಕೆ ಪ್ರಮಾಣ ಕಮ್ಮಿ ಆಗಿದೆ ಅಂದ ತಕ್ಷಣ ಮೀಟಿಂಗ್‌ಲಿ ಬರೋ ಮಾತು ಒಂದೇ, ಜನಕ್ಕೆ ಅರಿವಿಲ್ಲ, ಜಾಥಾ ಮಾಡೋಣ, ಬ್ಯಾನರ್ ಕಟ್ಟೋಣ. ಕೊಡಗಿನ ಮಟ್ಟಿಗೆ ನಂಗೆ ಈ ಮಾತು ಅಷ್ಟು ಒಪ್ಪಿಗೆ ಇಲ್ಲ. ನಮ್ಮಲ್ಲಿ ಲಸಿಕೆ ಬೇಡ್ವೇ ಬೇಡ ಅಂತ ಬಾಗ್ಲು ಹಾಕ್ಕೊಳ್ಳೋರಿಗಿಂತ, ಸಿಸ್ಟರ್ ಬಂದ ಹೊತ್ತಿಗೆ ಕಾಫಿ ಕುಯ್ಯೋಕೆ ಹೋಗಿರೋರು, ಎರಡು ಡೋಸ್ ಹಾಕ್ಸಿ ಮೂರನೇದು ಬರೋ ಹೊತ್ತಿಗೆ ಬೇರೆ ತೋಟ ಸೇರಿರೋರು, ಯಾರ ಪುಸ್ತಕದಲ್ಲೂ ಹೆಸ್ರಿಲ್ದೇ ಇರೋರು, ಇವ್ರೇ ಜಾಸ್ತಿ ಸಿಗೋದು. ಬ್ಯಾನರ್ ನೋಡಿ ಇವ್ರು ಬರಲ್ಲ, ನಾವೇ ಹೋಗಿ ಹುಡುಕ್ಬೇಕು, ಹುಡುಕೋ ಕೆಲಸ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಮತ್ತೆ ಅದ್ರ ಕೆಳಗಿನ ಸಬ್‌ಸೆಂಟರ್‌ನವ್ರದ್ದು.

ರಾಜ್ಯದ ಲೆಕ್ಕ ನೋಡಿದ್ರೆ ಬೇಜಾರು ಮಾಡ್ಕೊಳ್ಳೋ ಹಾಗೇನಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ 2015-16ರಲ್ಲಿ ಕರ್ನಾಟಕದ 12ರಿಂದ 23 ತಿಂಗಳ ಮಕ್ಕಳಲ್ಲಿ ಎಲ್ಲಾ ಮೂಲ ಲಸಿಕೆ ಆಗಿದ್ದು ನೂರಕ್ಕೆ 63ರ ಹತ್ರ, 2019-20ರ ಸುತ್ತಿಗೆ ಅದು 84 ಆಯ್ತು. ಆದ್ರೆ ದಡಾರ ಅನ್ನೋ ಕಾಯ್ಲೆ 84ಕ್ಕೆ ಬಗ್ಗಲ್ಲ. ಒಬ್ಬ ರೋಗಿಯಿಂದ ಲಸಿಕೆ ಇಲ್ದಿರೋ 12ರಿಂದ 18 ಜನಕ್ಕೆ ಅಂಟೋ ರೋಗ ಅದು, ತಡೀಬೇಕಾದ್ರೆ ನೂರಕ್ಕೆ 95 ಮಕ್ಕಳಿಗೆ ಎರಡೂ ಡೋಸ್ ಆಗಿರ್ಬೇಕು. ಉಳಿದ ಮಕ್ಕಳು ಊರ ತುಂಬ ಹಂಚಿಹೋಗಿದ್ರೆ ಪರ್ವಾಗಿಲ್ಲ, ತೋಟದ ಕೆಲಸದವ್ರ ಒಂದೇ ಲೈನ್ ಮನೆ ಸಾಲಲ್ಲಿ, ಬುಡಕಟ್ಟಿನವ್ರ ಒಂದೇ ಹಾಡೀಲಿ ಗುಂಪಾಗಿ ಇದ್ದಾಗ್ಲೇ ಕಷ್ಟ.

1. ಮೊದ್ಲು ಪಟ್ಟಿ ಸರಿ ಮಾಡ್ಕೊಳ್ಳಿ

ಗುಡ್ಡಗಾಡು, ಬುಡಕಟ್ಟು ಪ್ರದೇಶಕ್ಕೆ ಸರ್ಕಾರದ ಲೆಕ್ಕದಲ್ಲಿ 20,000 ಜನಕ್ಕೆ ಒಂದು ಪಿಎಚ್‌ಸಿ, 3,000 ಜನಕ್ಕೆ ಒಂದು ಸಬ್‌ಸೆಂಟರ್. ಕಾಗದದಲ್ಲಿ ಇದು ಚಿಕ್ಕ ಸಂಖ್ಯೆ, ಆದ್ರೆ ಆ 3,000 ಜನ ಒಂದ್ ಕಡೆ ಇರಲ್ಲ, ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ಇಡೀ ತೋಟ ದಾಟ್ಬೇಕು.

ಮನೆಮನೆ ಲೆಕ್ಕ ಮಾಡುವಾಗ ರೇಷನ್ ಕಾರ್ಡ್, ವೋಟರ್ ಲಿಸ್ಟ್ ನಂಬ್ಕೊಂಡ್ರೆ ಮುಗೀತು, ಯಾಕಂದ್ರೆ ಅಸ್ಸಾಂ, ಬಂಗಾಳ, ಜಾರ್ಖಂಡ್‌ನಿಂದ ಬಂದಿರೋ ಕುಟುಂಬಗಳ ಹೆಸ್ರು ಅದ್ರಲ್ಲಿ ಎಲ್ಲಿರತ್ತೆ? ತೋಟದ ರೈಟರ್ (ಲೆಕ್ಕ ಬರೆಯೋರು) ಹತ್ರ ಇರೋ ಹಾಜರಿ ಪುಸ್ತಕ ಕೇಳಿ. ಅದ್ರಲ್ಲಿ ಮಕ್ಕಳ ಹೆಸ್ರು ಇರಲ್ಲ ನಿಜ, ಆದ್ರೆ ಯಾವ ಲೈನ್‌ಗೆ ಹೊಸ್ದಾಗಿ ಯಾರ್ ಬಂದ್ರು, ಯಾರ್ ಬಿಟ್ಟು ಹೋದ್ರು ಅನ್ನೋದು ರೈಟರ್‌ಗೆ ಮತ್ತೆ ಮೇಸ್ತ್ರಿಗೆ ಗೊತ್ತಿರೋಷ್ಟು ಯಾವ ಆಫೀಸಿಗೂ ಗೊತ್ತಿರಲ್ಲ. ಅವ್ರ ನಂಬರ್ ಆಶಾ ಹತ್ರ ಇರ್ಲಿ, ತಿಂಗಳಿಗೊಂದ್ಸಲ "ಅಣ್ಣಾ, ಹೊಸ ಕುಟುಂಬ ಯಾವ್ದಾದ್ರೂ ಬಂತಾ, ಚಿಕ್ಕ ಮಕ್ಳಿದ್ದಾವಾ" ಅಂತ ಒಂದು ಫೋನ್ ಸಾಕು. ಹಾಡಿಗಳಲ್ಲಿ ಇದೇ ಕೆಲಸ ಅಂಗನವಾಡಿ ಟೀಚರ್ ಮತ್ತೆ ಹಾಡಿ ಯಜಮಾನ್ರ ಮೂಲಕ ಆಗತ್ತೆ. ಯರವ, ಜೇನುಕುರುಬ ಕುಟುಂಬಗಳು ಕೆಲಸ ಸಿಕ್ಕಿದ ಕಡೆ ವಾರಗಟ್ಲೆ ಇದ್ದು ಬರ್ತಾರೆ, ಕುಟ್ಟದ ಕಡೆಯವ್ರಾದ್ರೆ ಗಡಿ ದಾಟಿ ವಯನಾಡಿಗೂ ಹೋಗಿರ್ತಾರೆ, ಅಂಥೋರ ಹೆಸ್ರನ್ನ "ಊರಲ್ಲಿಲ್ಲ" ಅಂತ ಹೊಡೆದು ಹಾಕ್ಬೇಡಿ, ಯಾವಾಗ ವಾಪಸ್ ಅಂತ ಪಕ್ಕದಲ್ಲಿ ಬರ್ಕೊಳ್ಳಿ.

2. ಯಾರು ಬಂದೇ ಇಲ್ಲ, ಯಾರು ಮಧ್ಯದಲ್ಲಿ ಬಿಟ್ರು

ಇವೆರಡು ಬೇರೆ ಬೇರೆ ರೋಗ, ಔಷಧೀನೂ ಬೇರೆ. ಒಂದು ಡೋಸೂ ಆಗದೇ ಇರೋ ಮಗು ಅಂದ್ರೆ ಪಟ್ಟಿ ತಪ್ಪಿದೆ, ಇಲ್ಲಾ ಜಾಗ ದೂರ ಇದೆ ಅಂತ. ಮೊದಲ್ನೇ ಡೋಸ್ ಆಗಿ ಮೂರನೇದು ಆಗದೇ ಇರೋ ಮಗು ಅಂದ್ರೆ ಸಮಸ್ಯೆ ನಮ್ಮ ಕಡೇನೇ ಇದೆ, ಹೇಳೋ ರೀತೀಲಿ, ಟೈಮಲ್ಲಿ, ನೆನಪು ಮಾಡೋದ್ರಲ್ಲಿ.

ಲೆಕ್ಕ ಸುಲಭ. ನಿಮ್ಮ ಸಬ್‌ಸೆಂಟರ್‌ಲಿ ಪೆಂಟಾ (ಐದು ಕಾಯ್ಲೆ ತಡೆಯೋ ಲಸಿಕೆ) ಮೊದಲ್ನೇ ಡೋಸ್ 40 ಮಕ್ಕಳಿಗೆ ಆಗಿ ಮೂರನೇದು 33 ಮಕ್ಕಳಿಗೆ ಆಗಿದೆ ಅಂದ್ಕೊಳ್ಳಿ, 7 ಮಕ್ಕಳು ಬಿಟ್ಟುಹೋದ್ರು, 7ನ್ನ 40ರಿಂದ ಭಾಗಿಸಿ ನೂರರಿಂದ ಗುಣಿಸಿದ್ರೆ 17.5. ಹತ್ತು ದಾಟಿದ್ರೆ ಏನೋ ಎಡವಟ್ಟಾಗ್ತಿದೆ ಅಂತ ಅರ್ಥ. ಪರ್ಸೆಂಟೇಜ್ ತೆಗ್ದು ರಿಪೋರ್ಟ್ ಕಳ್ಸಿ ಕೂತ್ರೆ ಪ್ರಯೋಜನ ಇಲ್ಲ, ಆ 7 ಮಕ್ಕಳ ಹೆಸ್ರು, ಲೈನ್ ಮನೆ, ಅಪ್ಪನ ಫೋನ್ ನಂಬರ್ ಬರ್ದು ಆಶಾ ಕೈಗೆ ಕೊಡ್ಬೇಕು.

ಲಸಿಕೆ ದಾಖಲೆಯ ಸರ್ಕಾರಿ ಆ್ಯಪ್ ಯು-ವಿನ್ ಬಂದ್ಮೇಲೆ ಎಲ್ಲಾ ಮೊಬೈಲಲ್ಲೇ ಇದೆ, ಮೆಸೇಜೂ ಹೋಗತ್ತೆ, ದೇಶದ ಯಾವ ಮೂಲೇಲಿ ಮುಂದಿನ ಡೋಸ್ ಹಾಕ್ಸಿದ್ರೂ ದಾಖಲಾಗತ್ತೆ, ವಲಸೆ ಕುಟುಂಬಗಳಿಗೆ ಇದು ದೊಡ್ಡ ಉಪಕಾರ. ಆದ್ರೂ ನಾನು ಹಳೇ ಟಿಕ್ಲರ್ ಬ್ಯಾಗ್ ಪರ. ತಿಂಗಳಿಗೊಂದು ಜೇಬು ಇರೋ ಬಟ್ಟೆ ಚೀಲ ಅದು, ಗೋಡೆಗೆ ನೇತು ಹಾಕಿರ್ತಾರೆ, ತಾಯಿ ಕಾರ್ಡ್‌ನ ಕೌಂಟರ್‌ಫಾಯಿಲ್ ಹರಿದು ಮುಂದಿನ ಡೋಸ್ ಯಾವ ತಿಂಗಳಿಗೋ ಆ ಜೇಬಿಗೆ ಹಾಕೋದು. ತಿಂಗಳು ಮುಗ್ದ ಮೇಲೂ ಜೇಬಲ್ಲಿ ಚೀಟಿ ಉಳಿದಿದೆ ಅಂದ್ರೆ ಆ ಮಗು ಬಂದಿಲ್ಲ. ನೆಟ್‌ವರ್ಕೇ ಸಿಗದ ಮೂಲೇಲಿ ಇದಕ್ಕಿಂತ ಒಳ್ಳೇ ಆ್ಯಪ್ ಇಲ್ಲ.

3. ದಿನ, ಟೈಮು ಅವ್ರಿಗೆ ಹೊಂದ್ಬೇಕು

ನವೆಂಬರ್‌ನಿಂದ ಮಾರ್ಚ್‌ವರೆಗೆ ಕುಯ್ಲಿನ ಕಾಲ, ಮೊದ್ಲು ಅರೇಬಿಕಾ, ಆಮೇಲೆ ರೋಬಸ್ಟಾ. ಕೆಜಿ ಲೆಕ್ಕದ ಕೆಲಸ ಅದು. ಬೆಳಿಗ್ಗೆ ಹತ್ತೂವರೆಗೆ ಅಂಗನವಾಡಿಗೆ ಮಗು ಕರ್ಕೊಂಡು ಬಾ ಅಂದ್ರೆ ಆ ತಾಯಿಗೆ ಅರ್ಧ ದಿನದ ಸಂಪಾದನೆ ಹೋಯ್ತು. ಬರ್ಲಿಲ್ಲ ಅಂತ "ಇವ್ರಿಗೆ ಮಕ್ಳ ಮೇಲೆ ಕಾಳಜಿ ಇಲ್ಲ" ಅಂತ ರಿಜಿಸ್ಟರ್ ಮುಚ್ಚೋದು ಅನ್ಯಾಯ.

ಎರಡು ಹೊತ್ತು ಕೆಲ್ಸಕ್ಕೆ ಬರತ್ತೆ. ಒಂದು, ಸಾಯಂಕಾಲ ಕುಯ್ದ ಹಣ್ಣು ತೂಕ ಹಾಕೋ ಹೊತ್ತು, ಇಡೀ ಲೈನ್ ಒಂದ್ ಕಡೆ ಸೇರಿರತ್ತೆ. ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆ ಆದ್ರೆ ಕತ್ತಲಾಗೋಕೆ ಮೊದ್ಲೇ ಮುಗ್ಸಿ ಹೊರಡ್ಬೇಕು, ಆನೆ ಇರೋ ದಾರೀಲಿ ಸಿಸ್ಟರ್ ಸ್ಕೂಟಿ ಓಡಿಸ್ಕೊಂಡು ಬರೋದು ಬೇಡ, ವಾಹನ ಕೊಡ್ಸಿ ಅಂತ ಮೊದ್ಲೇ ತೋಟದವ್ರನ್ನೋ ಪಂಚಾಯ್ತಿನೋ ಕೇಳಿ. ಇನ್ನೊಂದು, ತೋಟಕ್ಕೆ ವಾರದ ರಜೆ ಇರೋ ದಿನ, ಸಾಮಾನ್ಯವಾಗಿ ಸಂತೆ ದಿನವೇ. ಸೋಮವಾರಪೇಟೆಗೆ ಸೋಮವಾರ, ಕುಶಾಲನಗರಕ್ಕೆ ಮಂಗಳವಾರ, ಮಡಿಕೇರಿಗೆ ಶುಕ್ರವಾರ. ಸಂತೆಗೆ ಹೊರಡೋಕೆ ಮೊದ್ಲು ಲೈನಲ್ಲೇ ಬೆಳಿಗ್ಗೆ ಎಂಟಕ್ಕೆ ಸೆಷನ್ ಇಟ್ರೆ ಅಪ್ಪನೂ ಸಿಗ್ತಾನೆ, ಎಷ್ಟೋ ಮನೇಲಿ ಹೂಂ ಅನ್ಬೇಕಾದೋನು ಅವ್ನೇ.

ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಹುತ್ತರಿ ದಿನಕ್ಕೆ ಸೆಷನ್ ಹಾಕಿ ಕಾದು ಕೂತವ್ರು ಇದ್ದಾರೆ, ಕ್ಯಾಲೆಂಡರ್ ನೋಡಿ ಹಾಕಿ, ಅಷ್ಟೇ.

4. ಬಾಕ್ಸ್ ಕಡೆ ಒಂದು ಕಣ್ಣು

ಲಸಿಕೆ 2ರಿಂದ 8 ಡಿಗ್ರಿಯಲ್ಲಿ ಇರ್ಬೇಕು ಅಂತ ಎಲ್ರಿಗೂ ಗೊತ್ತು. ಬಿಸಿಗೆ ಕೆಡತ್ತೆ ಅಂತ ಹೆದ್ರೋ ನಾವು ಹೆಪ್ಪುಗಟ್ಟಿದ್ರೂ ಪೆಂಟಾ, ಟಿಡಿ (ಧನುರ್ವಾಯು, ಗಂಟಲು ಮಾರಿ ಲಸಿಕೆ), ಹೆಪಟೈಟಿಸ್-ಬಿ ಕೆಡತ್ತೆ ಅನ್ನೋದನ್ನ ಮರೀತೀವಿ. ಫ್ರೀಜರ್‌ನಿಂದ ತೆಗ್ದ ಐಸ್‌ಪ್ಯಾಕನ್ನ ನೇರ ಕ್ಯಾರಿಯರ್‌ಗೆ (ಲಸಿಕೆ ಒಯ್ಯೋ ಬಾಕ್ಸ್‌ಗೆ) ತುಂಬ್ಬೇಡಿ, ಮೇಜಿನ ಮೇಲೆ ಇಟ್ಟು, ಮೈಮೇಲೆ ನೀರು ಬೆವರೋಕೆ ಶುರುವಾಗಿ, ಕಿವಿ ಹತ್ರ ಅಲ್ಲಾಡಿಸಿದ್ರೆ ಒಳಗೆ ಗುಳುಗುಳು ಅನ್ಬೇಕು, ಆಮೇಲೆ ನಾಲ್ಕೂ ಪ್ಯಾಕ್ ಹಾಕಿ. ಮಡಿಕೇರಿ ಚಳೀಲಿ ಇದು ಬಯಲುಸೀಮೆಗಿಂತ ಜಾಸ್ತಿ ಹೊತ್ತು ಹಿಡಿಯತ್ತೆ, ಬೇಗ ಬಂದು ಹೊರಗಿಡಿ. ವಯಲ್ (ಲಸಿಕೆ ಬಾಟ್ಲಿ) ಮೇಲೆ ಬಿಸಿ ತಾಗಿದ್ದನ್ನ ತೋರ್ಸೋ ವಿವಿಎಂ ಗುರುತಲ್ಲಿ ಒಳಗಿನ ಚೌಕ ಹೊರಗಿನ ವೃತ್ತಕ್ಕಿಂತ ತಿಳಿಯಾಗಿದ್ರೆ ಬಳಸಿ, ಎರಡೂ ಒಂದೇ ಬಣ್ಣ ಆಗಿದ್ರೆ ಬೇಡ.

ಇನ್ನೊಂದು ವಿಷ್ಯ, ಒಂದೇ ಮಗು ಬಂದಿದೆ, ಇದಕ್ಕೋಸ್ಕರ ಎಂಆರ್ (ದಡಾರ-ರುಬೆಲ್ಲಾ ಲಸಿಕೆ) ವಯಲ್ ಓಪನ್ ಮಾಡಿದ್ರೆ ಉಳಿದಿದ್ದು ವೇಸ್ಟ್, ಮುಂದಿನ ವಾರ ಬನ್ನಿ ಅಂತ ಕಳ್ಸೋದು. ಬಿಸಿಜಿ (ಕ್ಷಯದ ಲಸಿಕೆ), ಎಂಆರ್ ಕಲಸಿದ 4 ಗಂಟೆ ಮೇಲೆ ಎಸೀಲೇಬೇಕು ನಿಜ. ಆದ್ರೂ ಒಂದು ಮಗುಗಾದ್ರೂ ವಯಲ್ ತೆಗೀಬೇಕು ಅನ್ನೋದೇ ನಿಯಮ, ಉಳಿದ ಡೋಸ್‌ಗೆ ಯಾರೂ ನಿಮ್ಮನ್ನ ಕೇಳಲ್ಲ, ವಾಪಸ್ ಕಳ್ಸಿದ ಆ ಮಗು ಮತ್ತೆ ಬರತ್ತೆ ಅಂತ ಗ್ಯಾರಂಟಿ ಮಾತ್ರ ಯಾರೂ ಕೊಡಲ್ಲ. ಪೆಂಟಾ, ಡಿಪಿಟಿ (ಗಂಟಲು ಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ), ಟಿಡಿ, ಪೋಲಿಯೋ ಹನಿಗೆ ಆ ಚಿಂತೇನೂ ಇಲ್ಲ, ಸರಿಯಾಗಿ ಇಟ್ಟಿದ್ರೆ ತೆರೆದ ವಯಲ್ 28 ದಿನ ಬಳಸ್ಬಹುದು.

5. ಏನ್ ಹೇಳ್ಬೇಕು, ಹೇಗ್ ಹೇಳ್ಬೇಕು

ನನ್ನ ಪ್ರಕಾರ ಇಡೀ ಕೆಲ್ಸದಲ್ಲಿ ಅತಿ ಅಗ್ಗದ, ಅತಿ ಪರಿಣಾಮದ ಭಾಗ ಇದು. "ಲಸಿಕೆ ಹಾಕ್ಸ್ತೀರಾ?" ಅಂತ ಕೇಳಿದ್ರೆ ಯೋಚ್ನೆ ಶುರುವಾಗತ್ತೆ. "ಇವತ್ತು ಪಾಪುಗೆ ಒಂದೂವರೆ ತಿಂಗಳಿನ ಲಸಿಕೆ ಇದೆ, ತೊಡೆಗೆ ಎರಡು, ತೋಳಿಗೆ ಒಂದು, ಬಾಯಿಗೆ ಹನಿ" ಅಂತ ಸಹಜವಾಗಿ ಹೇಳಿದ್ರೆ ಜಾಸ್ತಿ ಜನ ಒಪ್ತಾರೆ. ಅದಾದ್ಮೇಲೂ ಅನುಮಾನ ಪಟ್ರೆ ವಾದಕ್ಕಿಳೀಬೇಡಿ, ಕಾರಣ ಕೇಳಿ.

ಸಾಮಾನ್ಯವಾಗಿ ಹಿಂಗೆ ನಡಿಯತ್ತೆ. ಲೈನ್ ಮನೆ ಜಗಲೀಲಿ ಅಜ್ಜಿ ಮಗು ಎತ್ಕೊಂಡು ಕೂತಿರ್ತಾರೆ, "ಬೇಡ ಸಿಸ್ಟರೇ, ದೊಡ್ಡೋನಿಗೆ ಸೂಜಿ ಹಾಕಿದ್ ದಿನ ರಾತ್ರಿಯೆಲ್ಲ ಮೈ ಸುಟ್ಟು, ಅತ್ತೂ ಅತ್ತೂ ನಮ್ಗ್ಯಾರಿಗೂ ನಿದ್ದೆ ಇಲ್ಲ" ಅಂತಾರೆ. ಇಲ್ಲಿ ಗಂಟಲು ಮಾರಿ ಬಗ್ಗೆ ಭಾಷಣ ಬಿಗಿದ್ರೆ ಅಜ್ಜಿ ಎದ್ದು ಒಳಗೆ ಹೋಗ್ತಾರೆ. "ಹೌದಜ್ಜಿ, ಜ್ವರ ಬಂದ್ರೆ ಯಾರಿಗಾದ್ರೂ ಗಾಬರೀನೇ. ಈ ಸೂಜಿಗೆ ಒಂದೆರಡು ದಿನ ಜ್ವರ ಬರ್ಬಹುದು, ಇದೋ ಔಷಧಿ ಇಲ್ಲೇ ಕೊಡ್ತೀನಿ, ಎಷ್ಟು ಅಂತ ನಾನೇ ಅಳೆದು ತೋರ್ಸ್ತೀನಿ, ಚುಚ್ಚಿದ ಜಾಗಕ್ಕೆ ಎಣ್ಣೆ, ಅರಿಶಿನ, ಬಿಸಿ ಶಾಖ ಏನೂ ಬೇಡ, ನಾಳೆ ಬೆಳಿಗ್ಗೆ ಆಶಾ ಬಂದು ನೋಡ್ತಾಳೆ." ಆಶಾ ಮಾರನೇ ದಿನ ನಿಜವಾಗ್ಲೂ ಹೋಗ್ಬೇಕು ಅಷ್ಟೇ, ಇಲ್ಲಾಂದ್ರೆ ಮುಂದಿನ ಡೋಸ್ ಆಸೆ ಬಿಡಿ.

ಲಸಿಕೆ ಆದ್ಮೇಲೆ ತಾಯಿಗೆ ನಾಲ್ಕು ಮಾತು ತಪ್ಪದೇ ಹೇಳ್ಬೇಕು. ಯಾವ ಲಸಿಕೆ ಹಾಕಿದೀವಿ ಅದು ಯಾವ ಕಾಯ್ಲೆ ತಡೆಯತ್ತೆ, ಏನ್ ತೊಂದ್ರೆ ಬರ್ಬಹುದು ಬಂದ್ರೆ ಏನ್ ಮಾಡ್ಬೇಕು, ಮುಂದಿನ ಡೋಸ್ ಯಾವಾಗ, ಕಾರ್ಡ್ ಜೋಪಾನ ಮಾಡಿ ಬರುವಾಗ ತನ್ನಿ. ಮೂರನೇ ಮಾತು, ಅಂದ್ರೆ ಮುಂದಿನ ಡೋಸ್ ಯಾವಾಗ ಅನ್ನೋದನ್ನ, ತಾರೀಖಲ್ಲಿ ಹೇಳ್ಬೇಡಿ, "ಮುಂದಿನ ತಿಂಗಳು ಎರಡನೇ ಸಂತೆ ಕಳೆದ ಮಾರನೇ ದಿನ" ಅಂದ್ರೆ ತಲೇಲಿ ಕೂರತ್ತೆ. ಅರ್ಧ ಗಂಟೆ ಅಲ್ಲೇ ಕೂರ್ಸಿ, ಆ ಅರ್ಧ ಗಂಟೇಲಿ ಈ ನಾಲ್ಕನ್ನೂ ಆರಾಮಾಗಿ ಮಾತಾಡ್ಬಹುದು. ಯರವ ಮಾತು ಬರೋ ಆಶಾ ಇದ್ರೆ ಮಾತು ಅವ್ರಿಗೇ ಬಿಡಿ, ಅಸ್ಸಾಂನವ್ರಿಗೆ ಅದೇ ಲೈನಲ್ಲಿ ಕನ್ನಡ ಕಲ್ತ ಹುಡುಗ ಒಬ್ಬ ಇದ್ದೇ ಇರ್ತಾನೆ, ಅವ್ನನ್ನ ಹಿಡೀರಿ.

6. ಓಪಿಡಿಲಿ ಕೈತಪ್ಪೋ ಮಕ್ಕಳು

ಇದು ಡಾಕ್ಟರ್‌ಗಳಿಗೆ. ನೆಗಡಿ, ಕೆಮ್ಮು, ಸಣ್ಣ ಜ್ವರ, ಭೇದಿ ಅಂತ ಬಂದ ಮಗುಗೆ ಸಿರಪ್ ಬರ್ದು ಕಳ್ಸೋ ಮೊದ್ಲು ತಾಯಿ ಕಾರ್ಡ್ ಕೇಳೋದು ಹತ್ತು ಸೆಕೆಂಡಿನ ಕೆಲಸ. ಸಣ್ಣಪುಟ್ಟ ಕಾಯ್ಲೆ ಲಸಿಕೆ ಮುಂದೂಡೋಕೆ ಕಾರಣ ಅಲ್ಲ, ಡಾಕ್ಟರ್ ಬಾಯಿಂದ "ಇವತ್ತೇ ಹಾಕ್ಸಿ" ಅಂತ ಬಂದ್ರೆ ಸಿಸ್ಟರ್ ಹತ್ತು ಸಲ ಹೇಳಿದ್ದಕ್ಕಿಂತ ಹೆಚ್ಚು. ಖಾಸಗಿ ಕ್ಲಿನಿಕ್‌ನವ್ರೂ ಕಾರ್ಡ್ ನೋಡಿ ಪಿಎಚ್‌ಸಿಗೆ ಕಳ್ಸಿದ್ರೆ ಒಳ್ಳೇದು.

ಕಾರ್ಡೇ ಇಲ್ಲ ಅಂದ್ರೆ? ಎಡ ತೋಳಲ್ಲಿ ಬಿಸಿಜಿ ಗುರುತು ನೋಡಿ, ಯು-ವಿನ್‌ಲಿ ಮೊಬೈಲ್ ನಂಬರ್ ಹಾಕಿ ಹುಡುಕಿ, ಸಿಗ್ಲಿಲ್ಲ ಅಂದ್ರೆ ಆಗಿಲ್ಲ ಅಂತ್ಲೇ ತಿಳ್ಕೊಂಡು ವಯಸ್ಸಿಗೆ ತಕ್ಕ ಹಾಗೆ ಶುರು ಮಾಡಿ, ಒಂದು ಡೋಸ್ ಜಾಸ್ತಿ ಆದ್ರೆ ಹಾನಿ ಇಲ್ಲ. ತಡವಾಗಿ ಬಂದ ಮಗುಗೂ ದಾರಿ ಇದೆ: ಬಿಸಿಜಿ ಒಂದು ವರ್ಷದೊಳಗೆ, ಪೆಂಟಾ ಒಂದು ವರ್ಷದೊಳಗೆ ಶುರು ಮಾಡಿದ್ರೆ ಸಾಕು, ವರ್ಷ ದಾಟಿದ್ರೆ ಪೆಂಟಾ ಬದಲು ಡಿಪಿಟಿ; ಎಂಆರ್ ಆದ್ರೆ ಐದು ವರ್ಷದವರೆಗೂ ಹಾಕ್ಬಹುದು. ಡೋಸ್ ಮಧ್ಯೆ ಕನಿಷ್ಠ 4 ವಾರ ಬಿಡಿ, ತಡ ಆಯ್ತು ಅಂತ ಮೊದಲಿಂದ ಶುರು ಮಾಡೋ ಅಗತ್ಯ ಇಲ್ಲ.

7. ಮಳೆಗೆ ಮೊದ್ಲು

ಜೂನ್ ಬಂತು ಅಂದ್ರೆ ಭಾಗಮಂಡಲ, ಗಾಳಿಬೀಡು ಕಡೆ ರಸ್ತೆ ಯಾವಾಗ ಕಟ್ ಆಗತ್ತೋ ಹೇಳೋಕಾಗಲ್ಲ, 2018ರ ಆಗಸ್ಟ್‌ನ ಮಳೆ, ಭೂಕುಸಿತ ಯಾರೂ ಮರ್ತಿಲ್ಲ. ಕರೆಂಟ್ ಹೋದಾಗ ಐಎಲ್‌ಆರ್ (ಲಸಿಕೆ ಇಡೋ ಫ್ರಿಜ್) ಮುಚ್ಚಳ ತೆಗೀದೇ ಇದ್ರೆ ಒಳಗಿನ ತಂಪು ತುಂಬಾ ಹೊತ್ತು ಉಳಿಯತ್ತೆ, ಜನರೇಟರ್‌ಗೆ ಡೀಸೆಲ್ ಇದೆಯಾ ಅಂತ ಮೇ ತಿಂಗಳಲ್ಲೇ ನೋಡ್ಕೊಳ್ಳಿ. ಏಪ್ರಿಲ್, ಮೇ ತಿಂಗಳಲ್ಲಿ ಕುಯ್ಲು ಮುಗಿದಿರತ್ತೆ, ವಲಸೆಯವ್ರಲ್ಲಿ ತುಂಬಾ ಜನ ಊರಿಗೆ ಹೊರಡೋ ಕಾಲ. ಬಾಕಿ ಇರೋ ಮಕ್ಕಳ ಪಟ್ಟಿ ಹಿಡ್ಕೊಂಡು ಮಾರ್ಚ್ ಕೊನೇ ಬಟವಾಡೆ ದಿನ ತೋಟದ ಆಫೀಸ್ ಹತ್ರಾನೇ ಒಂದು ಸೆಷನ್ ಇಡಿ, ಹೋಗೋರಿಗೆ ಕಾರ್ಡ್‌ಲಿ ಮುಂದಿನ ಡೋಸ್ ಬರ್ದು, ಆ ಪುಟದ ಫೋಟೋನ ಅವ್ರ ಮೊಬೈಲಿಗೇ ತೆಗ್ದು ಕೊಟ್ಟು ಕಳ್ಸಿ.