ರಕ್ಷಣೆ, ಸತ್ಕ್ರಿಯೆ, ಪ್ರತಿಫಲ: ಮೂರನ್ನೂ ಬೆರೆಸದೆ ಓದುವ ಬಗೆ

ಎಫೆಸದವರಿಗೆ ಬರೆದ ಪತ್ರಿಕೆಯ 2ನೇ ಅಧ್ಯಾಯ ಓದಿದವರು, ರಕ್ಷಣೆ ದೇವರ ವರ, ನಮ್ಮ ಕ್ರಿಯೆಗಳಿಂದ ಬಂದದ್ದಲ್ಲ ಎನ್ನುತ್ತಾರೆ. ಮತ್ತಾಯ 25 ಓದಿದವರು, ಹಸಿದವನಿಗೆ ಊಟ ಕೊಡದವನಿಗೆ ರಾಜ್ಯದಲ್ಲಿ ಪಾಲಿಲ್ಲ ಎನ್ನುತ್ತಾರೆ. ಪ್ರಕಟನೆ 22:12 ಓದಿದವರು, ಅವರವರ ಕೆಲಸಕ್ಕೆ ತಕ್ಕ ಪ್ರತಿಫಲ ಕಾದಿದೆ ಎನ್ನುತ್ತಾರೆ. ಮೂವರ ಕೈಯಲ್ಲೂ ಇರುವುದು ಒಂದೇ ಸತ್ಯವೇದ. ಒಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ಇನ್ನೊಂದು ಪ್ರಶ್ನೆಗೆ ಅಂಟಿಸಿದಾಗ ಜಗಳ ಹುಟ್ಟುತ್ತದೆ. ಈ ವಿಷಯವನ್ನು ಸಣ್ಣ ಗುಂಪಿಗೆ ಕಲಿಸಬೇಕಾದವರು, ಅಥವಾ ತಾವೇ ಕುಳಿತು ಸ್ಪಷ್ಟಮಾಡಿಕೊಳ್ಳಬೇಕೆಂದಿರುವವರು ಅನುಸರಿಸಬಹುದಾದ ಕ್ರಮ ಇಲ್ಲಿದೆ.

ಮೊದಲು ವಚನಗಳನ್ನು ಒಟ್ಟುಮಾಡಿ

ಒಂದು ನೋಟ್‌ಬುಕ್ಕಿನ ಎದುರುಬದುರು ಎರಡು ಪುಟಗಳಲ್ಲಿ ನಾಲ್ಕು ಕಾಲಂ ಎಳೆಯಿರಿ: ವಚನಭಾಗ, ಯಾರಿಗೆ ಹೇಳಿದ್ದು, ಏನು ದೊರೆಯುತ್ತದೆ ಅಥವಾ ಕಳೆದುಹೋಗುತ್ತದೆ, ಅದು ದೊರೆಯುವುದು ಯಾವ ಆಧಾರದ ಮೇಲೆ. ಆರಂಭಕ್ಕೆ ಹದಿನೆಂಟು ಭಾಗಗಳು ಸಾಕು.

ರಕ್ಷಣೆಯ ಕುರಿತು: ರೋಮಾಪುರ 3:21-28, ರೋಮಾಪುರ 4:1-8, ಎಫೆಸ 2:1-10, ತೀತ 3:3-8, ಲೂಕ 23:39-43.
ಕ್ರಿಯೆಗಳ ಕುರಿತು: ಯಾಕೋಬ 2:14-26, ಗಲಾತ್ಯ 5:1-6, ಫಿಲಿಪ್ಪಿ 2:12-13, ಮತ್ತಾಯ 25:31-46.
ಪ್ರತಿಫಲದ ಕುರಿತು: ಮತ್ತಾಯ 6:1-21, ಮತ್ತಾಯ 10:40-42, ಮತ್ತಾಯ 20:1-16, ಮತ್ತಾಯ 25:14-30, ಲೂಕ 14:12-14, ಲೂಕ 19:11-27, 1 ಕೊರಿಂಥ 3:5-15, 2 ಕೊರಿಂಥ 5:6-10, ಇಬ್ರಿಯ 11:6.

ಇಲ್ಲಿ ಕೊಟ್ಟಿರುವ ಉದ್ದವನ್ನು ಕತ್ತರಿಸಬೇಡಿ. ಎಫೆಸ 2:8-9ಕ್ಕೆ ನಿಲ್ಲಿಸುವುದು ಎಲ್ಲರ ರೂಢಿ. ಆದರೆ ವಾದ ಮುಗಿಯುವುದು 10ನೇ ವಚನದಲ್ಲಿ. ನಾವು ಸತ್ಕ್ರಿಯೆಗಳಿಂದ ರಕ್ಷಣೆ ಪಡೆದವರಲ್ಲ, ಸತ್ಕ್ರಿಯೆಗಳಿಗಾಗಿಯೇ ಸೃಷ್ಟಿಯಾದವರು ಎಂದು ಪೌಲ ಅಲ್ಲಿ ಹೇಳುತ್ತಾನೆ. ತೀತ 3:5ನ್ನು 3:8ರಿಂದ ಬಿಡಿಸಿದರೂ ಇದೇ ನಷ್ಟ. ಅರ್ಧಕ್ಕೆ ನಿಂತ ವಚನದಿಂದಲೇ ‘ಕ್ರಿಯೆಗಳು ಬೇಕಾಗಿಲ್ಲ’ ಎಂಬ ಬೋಧನೆ ಹೊರಡುತ್ತದೆ.

ಮೂರನೆಯ ಕಾಲಂ ತುಂಬುವಾಗ ಅವಸರ ಬೇಡ. ಪಾಪಕ್ಷಮೆ, ನೀತಿವಂತನೆಂಬ ನಿರ್ಣಯ, ನಿತ್ಯಜೀವ ಇವು ಒಂದು ಬಗೆ. ಒಡೆಯನ ಮೆಚ್ಚುಗೆ, ಹೆಚ್ಚಿನ ಹೊಣೆ, ಪರಲೋಕದ ಸಂಪತ್ತು ಇವು ಇನ್ನೊಂದು ಬಗೆ. ರೋಮಾಪುರ 6:23 ಮರಣವನ್ನು ಪಾಪದ ಸಂಬಳವೆಂದೂ ನಿತ್ಯಜೀವವನ್ನು ದೇವರ ಉಚಿತಾರ್ಥವರವೆಂದೂ ಬೇರ್ಪಡಿಸುತ್ತದೆ; ಈ ವಿಂಗಡಣೆಗೆ ಅದೇ ಅಳತೆಗೋಲು. ಕೆಲವು ಭಾಗಗಳು ಎರಡೂ ಬಗೆಗೆ ಸುಲಭವಾಗಿ ಒಗ್ಗುವುದಿಲ್ಲ. ಕೊಲೊಸ್ಸೆ 3:24 ಬಾಧ್ಯತೆಯನ್ನೇ, ಅಂದರೆ ಮಕ್ಕಳಿಗೆ ಬರುವ ಆಸ್ತಿಯನ್ನೇ, ಪ್ರತಿಫಲವೆನ್ನುತ್ತದೆ. ರೋಮಾಪುರ 2:6-10 ಒಳ್ಳೆಯದನ್ನು ಬಿಡದೆ ಮಾಡುವವರಿಗೆ ನಿತ್ಯಜೀವ ಎನ್ನುತ್ತದೆ. ಅಲ್ಲಿ ಪ್ರಶ್ನೆಚಿಹ್ನೆ ಹಾಕಿ ಮುಂದೆ ಹೋಗಿ. ಚೊಕ್ಕಟವಾದ ಪಟ್ಟಿಗಾಗಿ ವಚನವನ್ನು ಬಗ್ಗಿಸುವುದಕ್ಕಿಂತ ಪಟ್ಟಿಯಲ್ಲಿ ಪ್ರಶ್ನೆ ಉಳಿಯುವುದೇ ಲೇಸು.

ಕೊರಿಂಥದ ಕಟ್ಟಡ

ಇಡೀ ಅಧ್ಯಯನಕ್ಕೆ ಒಂದೇ ಭಾಗ ಆರಿಸಿಕೊಳ್ಳಬೇಕಾದರೆ 1 ಕೊರಿಂಥ 3:5-15ನ್ನು ಆರಿಸಿ. ರಕ್ಷಣೆಯೂ ಪ್ರತಿಫಲವೂ ಒಟ್ಟಿಗೆ ಬಂದು, ಬೇರೆಬೇರೆಯಾಗಿ ಕಾಣುವುದು ಇಲ್ಲಿ.

ಹಿನ್ನೆಲೆಯಿಂದ ಆರಂಭಿಸಿ. ಕೊರಿಂಥದ ಸಭೆಯಲ್ಲಿ ‘ನಾನು ಪೌಲನವನು, ನಾನು ಅಪೊಲ್ಲೋಸನವನು’ ಎಂಬ ಪಂಗಡಗಳಿದ್ದವು. ಆದ್ದರಿಂದ ಇಲ್ಲಿನ ‘ಕಟ್ಟುವವರು’ ಮೊದಲಿಗೆ ಸಭೆಯನ್ನು ಕಟ್ಟುವ ಬೋಧಕರು ಮತ್ತು ಸೇವಕರು. ಎಲ್ಲ ವಿಶ್ವಾಸಿಗಳ ಜೀವನಕ್ಕೂ ಇದನ್ನು ಅನ್ವಯಿಸಬಹುದು, ಆದರೆ ಅದು ಅನ್ವಯ ಎಂದು ಹೇಳಿಯೇ ಮಾಡಿ. ಬಳಿಕ ಹಾಳೆಯ ಮೇಲೆ ಒಂದು ಅಡ್ಡಗೆರೆ ಎಳೆದು ಅದರ ಕೆಳಗೆ ‘ಅಸ್ತಿವಾರ: ಯೇಸು ಕ್ರಿಸ್ತನು’ ಎಂದು ಬರೆಯಿರಿ (3:11). ಗೆರೆಯ ಮೇಲೆ ಪೌಲ ಹೇಳುವ ಆರು ಸಾಮಗ್ರಿಗಳು: ಚಿನ್ನ, ಬೆಳ್ಳಿ, ರತ್ನ ಒಂದು ಕಡೆ, ಮರ, ಹುಲ್ಲು, ಆಪು (ಒಣ ದಂಟು) ಇನ್ನೊಂದು ಕಡೆ. ಬೆಂಕಿ ಪರೀಕ್ಷಿಸುವುದು ಗೆರೆಯ ಮೇಲಿರುವುದನ್ನು. ಅದು ನೋಡುವುದು ಕೆಲಸ ಎಂಥದ್ದು ಎಂಬುದನ್ನು. ಎಷ್ಟು ಎಂಬ ಲೆಕ್ಕ ವಚನದಲ್ಲಿ ಬರುವುದಿಲ್ಲ. ಕಟ್ಟಿದ್ದು ಉಳಿದರೆ ಪ್ರತಿಫಲ (3:14). ಸುಟ್ಟುಹೋದರೆ ಕಟ್ಟಿದವನಿಗೆ ನಷ್ಟ, ಆದರೂ ಅವನು ಬೆಂಕಿಯೊಳಗಿಂದ ಪಾರಾದವನಂತೆ ರಕ್ಷಣೆ ಹೊಂದುವನು (3:15).

ಈ ಭಾಗದಲ್ಲಿ ಮೂರು ಕಡೆ ಕಾಲು ಜಾರುತ್ತದೆ. ಮೊದಲನೆಯದು, ಬೆಂಕಿ ಎಂದ ಕೂಡಲೇ ನರಕವನ್ನು ನೆನೆಯುವುದು. ನಷ್ಟಹೊಂದಿದವನೂ ರಕ್ಷಣೆ ಹೊಂದುತ್ತಾನೆಂದು ವಚನವೇ ಹೇಳುವಾಗ ಆ ಅರ್ಥ ನಿಲ್ಲದು. ಕಥೋಲಿಕ ಸಂಪ್ರದಾಯ ಇದರಲ್ಲಿ ಮರಣಾನಂತರದ ಶುದ್ಧೀಕರಣದ ಸೂಚನೆ ಕಂಡಿದೆ. ಪ್ರೊಟೆಸ್ಟಂಟ್ ವ್ಯಾಖ್ಯಾನಕಾರರು ನ್ಯಾಯತೀರ್ಪಿನ ದಿನದ ಪರೀಕ್ಷೆಯೆಂದೇ ಓದುತ್ತಾರೆ. ಗುಂಪಿನಲ್ಲಿ ಎರಡೂ ಕಡೆಯವರಿದ್ದರೆ ಎರಡನ್ನೂ ಹೇಳಿಬಿಡಿ. ಎರಡನೆಯದು, 15ನೇ ವಚನವನ್ನು ಪರವಾನಗಿಯಂತೆ ಹಿಡಿಯುವುದು: ಹೇಗೂ ಪಾರಾಗುತ್ತೇನೆ, ಇನ್ನೇಕೆ ದುಡಿಯಲಿ? ಅಂಥವರಿಗೆ ಎರಡೇ ವಚನ ಮುಂದೆ 3:17 ಓದಿಸಿ. ದೇವರ ಆಲಯವನ್ನು ಕೆಡಿಸುವವನನ್ನು ದೇವರು ಕೆಡಿಸುವನೆಂಬ ಎಚ್ಚರಿಕೆ ಅಲ್ಲಿದೆ. ಮೂರನೆಯದು, ಯಾರ ಸೇವೆ ಚಿನ್ನ, ಯಾರದು ಹುಲ್ಲು ಎಂದು ಈಗಲೇ ತೀರ್ಮಾನಿಸುವುದು. 4:5ರಲ್ಲಿ ಪೌಲ ಇದನ್ನು ನೇರವಾಗಿ ತಡೆಯುತ್ತಾನೆ: ಕರ್ತನು ಬರುವ ತನಕ ತೀರ್ಪು ಬೇಡ, ಆಗ ಪ್ರತಿಯೊಬ್ಬನಿಗೂ ಹೊಗಳಿಕೆ ದೇವರಿಂದಲೇ ಬರುತ್ತದೆ.

ಪೌಲನೂ ಯಾಕೋಬನೂ

ನೀತಿವಂತನೆಂಬ ನಿರ್ಣಯ ಕ್ರಿಯೆಗಳಿಲ್ಲದೆ ನಂಬಿಕೆಯಿಂದ ಎನ್ನುವ ರೋಮಾಪುರ 3:28 ಮತ್ತು ನಂಬಿಕೆಯಿಂದ ಮಾತ್ರವಲ್ಲ, ಕ್ರಿಯೆಗಳಿಂದ ಎನ್ನುವ ಯಾಕೋಬ 2:24ನ್ನು ಅಕ್ಕಪಕ್ಕ ಇಟ್ಟರೆ ಒಂದು ಇನ್ನೊಂದನ್ನು ಅಲ್ಲಗಳೆದಂತೆ ತೋರುತ್ತದೆ. ಇಬ್ಬರೂ ಅಬ್ರಹಾಮನನ್ನೇ ಸಾಕ್ಷಿಗೆ ಕರೆಯುತ್ತಾರೆ, ಆದಿಕಾಂಡ 15:6ನ್ನೇ ಉದ್ಧರಿಸುತ್ತಾರೆ. ಬಿಡಿಸಿಕೊಳ್ಳುವ ದಾರಿ ಅಬ್ರಹಾಮನ ಜೀವನದ ಅನುಕ್ರಮದಲ್ಲಿದೆ. 15ನೇ ಅಧ್ಯಾಯದಲ್ಲಿ ಅವನು ದೇವರ ಮಾತನ್ನು ನಂಬಿದ. ಅದು ಅವನ ಲೆಕ್ಕಕ್ಕೆ ನೀತಿಯೆಂದು ಎಣಿಕೆಯಾಯಿತು. 17ರಲ್ಲಿ ತೊಂಬತ್ತೊಂಬತ್ತನೆಯ ವಯಸ್ಸಿಗೆ ಸುನ್ನತಿ. 21ರಲ್ಲಿ ನೂರನೆಯ ವಯಸ್ಸಿಗೆ ಇಸಾಕನ ಜನನ. 22ರಲ್ಲಿ ಆ ಮಗನನ್ನೇ ಯಜ್ಞವೇದಿಗೆ ಒಪ್ಪಿಸಿದ್ದು. ಪೌಲ 15ರ ಬಳಿ ನಿಂತು, ಸುನ್ನತಿಗೆ ಮೊದಲೇ ನಿರ್ಣಯವಾಗಿತ್ತಲ್ಲ ಎಂದು ಕೇಳುತ್ತಾನೆ (ರೋಮಾಪುರ 4:10). ಯಾಕೋಬ 22ರ ಬಳಿ ನಿಂತು, ಆ ನಂಬಿಕೆ ನಿಜವೆಂದು ಕಂಡದ್ದು ಇಲ್ಲಿ ಅಲ್ಲವೇ ಎನ್ನುತ್ತಾನೆ.

ಪೌಲನ ಮುಂದಿರುವವನು ತನ್ನ ಆಚರಣೆಯಿಂದ ದೇವರ ಮುಂದೆ ನಿಲ್ಲಬಲ್ಲೆ ಎನ್ನುವವನು. ಯಾಕೋಬನ ಮುಂದಿರುವವನು, ಬಟ್ಟೆಯಿಲ್ಲದ, ಊಟವಿಲ್ಲದ ಸಹೋದರನಿಗೆ ‘ಬೆಚ್ಚಗಿರು, ಹೊಟ್ಟೆತುಂಬ ಉಣ್ಣು’ ಎಂದು ಬಾಯಲ್ಲಿ ಹರಸಿ ಕೈಬೀಸುವವನು. ಅಂಥ ನಂಬಿಕೆ ದೆವ್ವಗಳಿಗೂ ಇದೆ ಎಂದು ಯಾಕೋಬ ಹೇಳುತ್ತಾನೆ (2:19). ಕಲಿಸುವಾಗ ಗುಂಪನ್ನು ಎರಡು ಮಾಡಿ, ಒಬ್ಬರಿಗೆ ರೋಮಾಪುರ 4, ಇನ್ನೊಬ್ಬರಿಗೆ ಯಾಕೋಬ 2 ಕೊಡಿ. ಹದಿನೈದು ನಿಮಿಷದಲ್ಲಿ ಅವರು ಬರೆಯಬೇಕಾದದ್ದು ಲೇಖಕ ಉತ್ತರಿಸುತ್ತಿರುವ ಪ್ರಶ್ನೆಯನ್ನು ಮಾತ್ರ. ಎರಡು ಪ್ರಶ್ನೆಗಳನ್ನೂ ಗಟ್ಟಿಯಾಗಿ ಓದಿದ ಮೇಲೆ ಗಲಾತ್ಯ 5:6 ತೆರೆಯಿರಿ: ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ. ಆ ಮಾತು ಪೌಲನದೇ ಎಂಬುದು ಅನೇಕರ ಗಮನಕ್ಕೆ ಬಂದಿರುವುದಿಲ್ಲ.

ಸಾಮ್ಯಗಳನ್ನು (ದೃಷ್ಟಾಂತ ಕಥೆಗಳನ್ನು) ಒಂಟಿಯಾಗಿ ಓದಬೇಡಿ

ಪರಲೋಕದಲ್ಲಿ ಎಲ್ಲರಿಗೂ ಸಮಾನ ಪ್ರತಿಫಲವೇ, ಹೆಚ್ಚುಕಡಿಮೆ ಉಂಟೇ? ಈ ಪ್ರಶ್ನೆ ಬಂದೇ ಬರುತ್ತದೆ. ಮತ್ತಾಯ 20ರ ದ್ರಾಕ್ಷೇತೋಟದಲ್ಲಿ ಬೆಳಗಾಗುತ್ತಲೇ ಬಂದವನಿಗೂ ಹನ್ನೊಂದನೆಯ ತಾಸಿಗೆ, ಅಂದರೆ ಸಂಜೆ ಐದರ ಹೊತ್ತಿಗೆ, ಬಂದವನಿಗೂ ಒಂದೇ ದಿನಗೂಲಿ. ಲೂಕ 19ರಲ್ಲಿ ಹತ್ತು ಆಳುಗಳಿಗೆ ಒಂದೊಂದೇ ಮೊಹರಿ ಹಣ; ಅದನ್ನು ಹತ್ತಾಗಿಸಿದವನಿಗೆ ಹತ್ತು ಊರುಗಳ ಅಧಿಕಾರ, ಐದಾಗಿಸಿದವನಿಗೆ ಐದು. ಮತ್ತಾಯ 25ರಲ್ಲಿ ಒಡೆಯನಿಂದ ಐದು ತಲಾಂತು (ದೊಡ್ಡ ಮೊತ್ತದ ಹಣ) ಪಡೆದವನೂ ಎರಡು ತಲಾಂತು ಪಡೆದವನೂ ಗಳಿಸಿದ್ದು ಬೇರೆಬೇರೆ, ಆದರೆ 21 ಮತ್ತು 23ನೇ ವಚನಗಳಲ್ಲಿ ಒಡೆಯ ಇಬ್ಬರಿಗೂ ಹೇಳುವ ಮೆಚ್ಚುಗೆಯ ಮಾತು ಒಂದೇ.

ಒಂದೇ ಸಾಮ್ಯ ಹಿಡಿದವನು ಒಂದೇ ಉತ್ತರ ಕೊಡುತ್ತಾನೆ. ಮೂರನ್ನೂ ಒಂದೇ ದಿನ ಓದಿಸಿ. ದ್ರಾಕ್ಷೇತೋಟದ ಸಾಮ್ಯವನ್ನು ಮತ್ತಾಯ 19:27ರಿಂದ ಆರಂಭಿಸುವುದು ಕಡ್ಡಾಯ. ಎಲ್ಲವನ್ನೂ ಬಿಟ್ಟುಬಂದಿದ್ದೇವೆ, ನಮಗೇನು ದೊರೆಯುತ್ತದೆ ಎಂದು ಪೇತ್ರ ಅಲ್ಲಿ ಕೇಳುತ್ತಾನೆ. ಯೇಸು ಗದರಿಸುವುದಿಲ್ಲ, ಹನ್ನೆರಡು ಸಿಂಹಾಸನಗಳ ವಾಗ್ದಾನ ಕೊಡುತ್ತಾನೆ. ಅದರ ಹಿಂದೆಯೇ ಈ ಸಾಮ್ಯ ಬರುತ್ತದೆ. ಪ್ರತಿಫಲ ನಿಜ, ಆದರೆ ಪಕ್ಕದವನ ಕೂಲಿಯ ಮೇಲೆ ಕಣ್ಣಿಟ್ಟವನಿಗೆ ಅದರ ಸಂತೋಷವಿಲ್ಲ ಎಂಬುದು ಎರಡನ್ನೂ ಕೂಡಿಸಿ ಓದಿದಾಗ ತಿಳಿಯುತ್ತದೆ. ಪ್ರತಿಫಲದಲ್ಲಿ ತರತಮವಿದೆಯೇ ಎಂಬುದರಲ್ಲಿ ಒಳ್ಳೆಯ ಬೋಧಕರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಗುಂಪನ್ನು ಒಂದೇ ಕಡೆಗೆ ದೂಡಬೇಡಿ.

ಕುರಿಗಳು ಮತ್ತು ಆಡುಗಳ ಭಾಗದಲ್ಲಿ (ಮತ್ತಾಯ 25:31-46) ಆರು ಉಪಕಾರಗಳ ಹೆಸರಿದೆ: ಊಟ, ನೀರು, ಪರದೇಶಿಗೆ ಆಶ್ರಯ, ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿರುವವನ ಭೇಟಿ. ಗಮನಿಸಬೇಕಾದದ್ದು, ಬಲಗಡೆಯವರೂ, ಅಂದರೆ ಆ ಉಪಕಾರಗಳನ್ನು ಮಾಡಿದವರೂ, ‘ಯಾವಾಗ ಮಾಡಿದೆವು?’ ಎಂದು ಬೆರಗಾಗುತ್ತಾರೆ. ಅವರ ಬಳಿ ಲೆಕ್ಕದ ಪುಸ್ತಕ ಇರಲಿಲ್ಲ. ‘ಈ ನನ್ನ ಸಹೋದರರಲ್ಲಿ ಅಲ್ಪನಾದವನು’ ಎಂದರೆ ಯಾವ ಬಡವನಾದರೂ ಸರಿ ಎನ್ನುವವರಿದ್ದಾರೆ. ಮತ್ತಾಯ 10:42ರ ಜೊತೆಗಿಟ್ಟು ಕ್ರಿಸ್ತನ ಶಿಷ್ಯರು ಎನ್ನುವವರೂ ಇದ್ದಾರೆ.

ಪ್ರತಿಫಲವಾಗಿ ಹೇಳಿರುವ ಜಯಮಾಲೆಗಳ ಬಗ್ಗೆ ಹೆಚ್ಚು ಹೊತ್ತು ಬೇಡ. 1 ಕೊರಿಂಥ 9:25, 1 ಥೆಸಲೋನಿಕ 2:19, 2 ತಿಮೊಥೆಯ 4:8, ಯಾಕೋಬ 1:12, 1 ಪೇತ್ರ 5:4 ಈ ಐದನ್ನು ಐದು ಬೇರೆಬೇರೆ ಪದಕಗಳಂತೆ ಚಾರ್ಟಿನಲ್ಲಿ ಬರೆಯುವ ರೂಢಿಯಿದೆ. ವಚನಗಳು ಅಂಥ ಪಟ್ಟಿ ಕೊಡುವುದಿಲ್ಲ. ಕೊರಿಂಥದ ಸಮೀಪ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡೆಗಳು ನಡೆಯುತ್ತಿದ್ದವು, ಗೆದ್ದವನ ತಲೆಗೆ ಎಲೆಗಳ ಮಾಲೆ ಹಾಕುತ್ತಿದ್ದರು ಎಂದು ತಿಳಿಸಿದರೆ ‘ಬಾಡದ ಮಾಲೆ’ ಏನೆಂದು ಅರ್ಥವಾಗುತ್ತದೆ. ಪ್ರಕಟನೆ 4:10ರಲ್ಲಿ ಇಪ್ಪತ್ತನಾಲ್ಕು ಹಿರಿಯರು ತಮ್ಮ ಕಿರೀಟಗಳನ್ನು ಸಿಂಹಾಸನದ ಮುಂದೆ ಹಾಕುವುದನ್ನು ಓದಿ ಆ ವಿಷಯ ಮುಗಿಸಿ.

ಯಾರ ಬೋಧನೆ ಯಾವುದು

ಇನ್ನೊಂದು ಸಭೆಯವರು ಹೇಳದ್ದನ್ನು ಅವರ ಬಾಯಿಗೆ ತುರುಕುವುದು ಈ ವಿಷಯದಲ್ಲಿ ತೀರಾ ಸಾಮಾನ್ಯ, ಅದು ಅನ್ಯಾಯವೂ ಹೌದು. ‘ಕಥೋಲಿಕರು ಕ್ರಿಯೆಗಳಿಂದಲೇ ರಕ್ಷಣೆ ಎನ್ನುತ್ತಾರೆ’ ಎನ್ನುವ ಮೊದಲು 1547ರ ಜನವರಿಯಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆ ಹೊರಡಿಸಿದ ನಿರ್ಣಯದ ಮೊದಲನೆಯ ವಿಧಿ ನೋಡಿ: ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದ ನೀತಿವಂತನಾಗಬಹುದು ಎನ್ನುವವನನ್ನು ಅದು ಖಂಡಿಸುತ್ತದೆ. ಅದೇ ನಿರ್ಣಯ, ಕೃಪೆಯಲ್ಲಿ ಮಾಡಿದ ಸತ್ಕ್ರಿಯೆಗಳಿಗೆ ನಿಜವಾದ ಅರ್ಹತೆ ಉಂಟೆಂದೂ ಹೇಳುತ್ತದೆ. ಪ್ರೊಟೆಸ್ಟಂಟರು ಒಪ್ಪದಿರುವುದು ಅದನ್ನು. ‘ಲೂಥರನ್ನರಿಗೆ ಕ್ರಿಯೆಗಳು ಬೇಡ’ ಎಂಬುದೂ ಸುಳ್ಳು. ಅವರದೇ 1530ರ ಔಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆಯ 4ನೇ ವಿಧಿ ನಂಬಿಕೆಯ ಮೂಲಕ ನೀತಿನಿರ್ಣಯವನ್ನು ಸಾರಿದರೆ, 6ನೆಯದು ಆ ನಂಬಿಕೆ ಒಳ್ಳೆಯ ಫಲ ಕೊಡಲೇಬೇಕೆನ್ನುತ್ತದೆ. ರಿಫಾರ್ಮ್ಡ್ ಪ್ರೊಟೆಸ್ಟಂಟ್ ಸಭೆಗಳ ಬೋಧನಾಪುಸ್ತಕವಾದ 1563ರ ಹೈಡಲ್‌ಬರ್ಗ್ ಪ್ರಶ್ನೋತ್ತರದ 63ನೇ ಪ್ರಶ್ನೆ ನಮ್ಮ ವಿಷಯವೇ: ಪ್ರತಿಫಲ ಉಂಟು, ಅದು ಬರುವುದು ಅರ್ಹತೆಯಿಂದಲ್ಲ, ಕೃಪೆಯಿಂದ. ಆರ್ಥಡಾಕ್ಸ್ ಸಭೆಗಳು ರಕ್ಷಣೆಯನ್ನು ನ್ಯಾಯಾಲಯದ ಭಾಷೆಗಿಂತ ದೇವರೊಂದಿಗಿನ ಒಡನಾಟದಲ್ಲಿ ಮನುಷ್ಯ ಬೆಳೆಯುವ ಭಾಷೆಯಲ್ಲಿ ಹೇಳುತ್ತವೆ. 1999ರ ಅಕ್ಟೋಬರ್ 31ರಂದು ಔಗ್ಸ್‌ಬರ್ಗ್‌ನಲ್ಲಿ ಲೂಥರನ್ ವಿಶ್ವ ಒಕ್ಕೂಟವೂ ಕಥೋಲಿಕ ಸಭೆಯೂ ನೀತಿನಿರ್ಣಯದ ಕುರಿತ ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮನ್ನು ದೇವರು ಅಂಗೀಕರಿಸುವುದು ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದ ಮಾತ್ರ ಎಂದು ಅದರ 15ನೇ ಪ್ಯಾರಾ ಒಟ್ಟಾಗಿ ಒಪ್ಪುತ್ತದೆ. ಉಳಿದ ಭಿನ್ನಾಭಿಪ್ರಾಯಗಳನ್ನೂ ಆ ಘೋಷಣೆ ಮುಚ್ಚಿಡುವುದಿಲ್ಲ.

ಗುಂಪಿನಲ್ಲಿ ಕಲಿಸುವಾಗ

ನಾಲ್ಕು ವಾರ, ವಾರಕ್ಕೆ ಎಪ್ಪತ್ತೈದು ನಿಮಿಷ ಇಟ್ಟುಕೊಳ್ಳಿ. ಮೊದಲ ವಾರ ರಕ್ಷಣೆ, ಎರಡನೆಯದು ಪೌಲ ಮತ್ತು ಯಾಕೋಬ, ಮೂರನೆಯದು ಕೊರಿಂಥದ ಕಟ್ಟಡ ಮತ್ತು ಸಾಮ್ಯಗಳು, ನಾಲ್ಕನೆಯದು ಮತ್ತಾಯ 6. ಈ ಕ್ರಮ ತಿರುಗಿಸಬೇಡಿ. ಪ್ರತಿಫಲದಿಂದ ಆರಂಭಿಸಿದ ಗುಂಪು ರಕ್ಷಣೆಯನ್ನೂ ಪ್ರತಿಫಲವೆಂದೇ ಕೇಳಿಸಿಕೊಳ್ಳುತ್ತದೆ.

‘ಪ್ರತಿಫಲಕ್ಕಾಗಿ ಒಳ್ಳೆಯದು ಮಾಡುವುದು ಸ್ವಾರ್ಥವಲ್ಲವೇ?’ ಎಂದು ಯಾರಾದರೂ ಕೇಳುತ್ತಾರೆ. ಇಬ್ರಿಯ 11:26ರಲ್ಲಿ ಮೋಶೆ ಮುಂದಣ ಪ್ರತಿಫಲದ ಮೇಲೆ ಕಣ್ಣಿಟ್ಟದ್ದನ್ನು ಮೆಚ್ಚುಗೆಯಿಂದಲೇ ಬರೆದಿದೆ ಎಂದು ತೋರಿಸಿ, ಜೊತೆಗೆ ಲೂಕ 17:10 ಓದಿಸಿ: ಅಪ್ಪಣೆಯಾದದ್ದನ್ನೆಲ್ಲ ಮಾಡಿದ ಮೇಲೂ ನಾವು ಆಳುಗಳೇ. ಹಾಸಿಗೆ ಹಿಡಿದವರು, ಕೈಯಲ್ಲಿ ಕಾಸಿಲ್ಲದವರು ಈ ಪಾಠ ಕೇಳಿ ಕುಗ್ಗಿಹೋಗುವುದುಂಟು. ಅವರನ್ನು ಮರೆಯಬೇಡಿ. ಒಂದು ತಂಬಿಗೆ ತಣ್ಣೀರಿಗೂ ಪ್ರತಿಫಲ ತಪ್ಪದು (ಮತ್ತಾಯ 10:42). ಬಡ ವಿಧವೆಯ ಎರಡು ಕಾಸು ಎಲ್ಲರ ಕಾಣಿಕೆಗಿಂತ ಹೆಚ್ಚಾಯಿತು (ಮಾರ್ಕ 12:41-44). ಇಲ್ಲದ್ದನ್ನು ದೇವರು ಕೇಳುವುದಿಲ್ಲ (2 ಕೊರಿಂಥ 8:12). ದೊಡ್ಡ ಕಾಣಿಕೆಗೆ ಪರಲೋಕದಲ್ಲಿ ದೊಡ್ಡ ಸ್ಥಾನ ಎಂದು ಯಾರಾದರೂ ಮಾರುತ್ತಿದ್ದರೆ ಅಪೊಸ್ತಲರ ಕೃತ್ಯಗಳು 8:18-20 ತೆರೆಯಿರಿ. ದೇವರ ವರವನ್ನು ಹಣಕ್ಕೆ ಕೊಳ್ಳಬಹುದೆಂದುಕೊಂಡ ಸೀಮೋನನಿಗೆ ಪೇತ್ರ ಕೊಟ್ಟ ಉತ್ತರ ಕಟುವಾಗಿದೆ, ಕಟುವಾಗಿಯೇ ಓದಿ.

ಕೊನೆಯ ವಾರ ಮತ್ತಾಯ 6:1-18ರಲ್ಲಿ ಮೂರು ಸಲ ಮರಳಿಬರುವ ಮಾತನ್ನು ಗುರುತಿಸಲು ಹೇಳಿ: ಜನರು ನೋಡಲೆಂದು ದಾನ, ಪ್ರಾರ್ಥನೆ, ಉಪವಾಸ ಮಾಡಿದವರು ತಮ್ಮ ಫಲವನ್ನು ಆಗಲೇ ಹೊಂದಿದ್ದಾರೆ. ಅಭ್ಯಾಸವಾಗಿ, ತಿರುಗಿ ಕೊಡಲಾಗದ ಒಬ್ಬರಿಗೆ (ಲೂಕ 14:14) ಏಳು ದಿನದೊಳಗೆ ಒಂದು ಉಪಕಾರ ಮಾಡಲು ತಿಳಿಸಿ. ಫೋಟೋ ಬೇಡ, ಮನೆಯಲ್ಲೂ ಹೇಳುವುದು ಬೇಡ. ಯಾರು ಮಾಡಿದರು, ಏನು ಮಾಡಿದರು ಎಂದು ನೀವು ಆಮೇಲೆ ವಿಚಾರಿಸಲೂ ಬಾರದು. ಸಾಕ್ಷಿ ಹೇಳಲು ಯಾರಾದರೂ ತಾವಾಗಿ ಎದ್ದುನಿಂತರೆ, ಮೆಲ್ಲಗೆ ತಡೆದು ಮುಂದಿನ ವಚನಕ್ಕೆ ಹೋಗಿ.