ಹತ್ತು ಬಾಟಲಿಗೆ ಸಿಕ್ಕಿಬಿದ್ದ ಸೀಸದ ಪೈಪು

ಷಿಕಾಗೊದಲ್ಲಿ ಹಳೇ ಮನೆ ಕೊಂಡವರಿಗೆ ಸೀಸದ ಪೈಪಿನ ಕಥೆ ಹೊಸದೇನಲ್ಲ. 1986ರಲ್ಲಿ ಇಡೀ ದೇಶದಲ್ಲೇ ನಿಷೇಧ ಬರುವ ತನಕ, ಸಣ್ಣ ಮನೆಗಳಿಗೆ ಸೀಸದ ಪೈಪೇ ಹಾಕಬೇಕು ಅನ್ನುವುದು ಈ ಊರಿನ ಕಾನೂನಾಗಿತ್ತು. ಈಗಲೂ ನೆಲದಡಿ ಅಂಥ ಸುಮಾರು 4 ಲಕ್ಷ ಸಂಪರ್ಕಗಳಿವೆ. ಸೀಸವೋ ಅಲ್ಲವೋ ಅಂತ ತಿಳಿಯಲು ಬೇಸ್‌ಮೆಂಟಿಗೆ ಇಳಿದು ಪೈಪು ಕೆರೆಯುವುದು, ಅಯಸ್ಕಾಂತ ಹಿಡಿಯುವುದು ನಿಮಗೆಲ್ಲ ಗೊತ್ತಿದೆ. ನಾನು ಬರೆಯುತ್ತಿರುವುದು ಕೆರೆದಾಗ ತಾಮ್ರ ಕಂಡ ಮನೆಯ ವಿಷಯ.

ನಮ್ಮದು ಸುಮಾರು ನೂರು ವರ್ಷದ ಇಟ್ಟಿಗೆ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ನೀರಿನ ಮೀಟರಿನ ಹತ್ತಿರ ಶುದ್ಧ ತಾಮ್ರ. ಕೊಳ್ಳುವಾಗ ತಪಾಸಣೆಗೆ ಬಂದವರು ‘ಸೀಸ ಇಲ್ಲ’ ಅಂತ ಬರೆದುಕೊಟ್ಟರು. ಪ್ಲಂಬರ್ ಕೂಡ ಅದನ್ನೇ ಹೇಳಿದ. ಆದರೆ ಬೀದಿಯ ಆಚೀಚೆ ಮನೆಗಳಿಗೆಲ್ಲ ಸೀಸ ಇರುವಾಗ ನಮ್ಮದೊಂದಕ್ಕೆ ಹೇಗೆ ತಾಮ್ರ ಬಂತು? ಹಿಂದೆ ಯಾರೋ ಬಿ-ಬಾಕ್ಸ್ (ಮನೆಯ ಮುಂದೆ ನೆಲದಲ್ಲಿರುವ, ನೀರು ಬಂದ್ ಮಾಡುವ ವಾಲ್ವಿನ ಪೆಟ್ಟಿಗೆ) ತನಕ ಮಾತ್ರ ಬದಲಿಸಿ, ಅಲ್ಲಿಂದ ರಸ್ತೆಯಡಿಯ ದೊಡ್ಡ ಕೊಳವೆ, ಅಂದರೆ ಮೇನ್‌ವರೆಗೆ ಹಾಗೇ ಬಿಟ್ಟಿದ್ದಾರೆ ಅಂತ ನನ್ನ ಅನುಮಾನ. ನಮ್ಮ ಇಲಿನಾಯ್ ರಾಜ್ಯದಲ್ಲಿ 2022ರಿಂದ, ತುರ್ತು ರಿಪೇರಿ ಬಿಟ್ಟರೆ, ಹಾಗೆ ಅರ್ಧಂಬರ್ಧ ಬದಲಿಸುವಂತಿಲ್ಲ. ಮೊದಲು ಧಾರಾಳವಾಗಿ ಮಾಡುತ್ತಿದ್ದರು.

ದುಡ್ಡು ಹೋದದ್ದು ಹೀಗೆ. ನೀರಿಗೆ ಅದ್ದಿ ಸೀಸ ನೋಡುವ ಅಂಗಡಿಯ ಪಟ್ಟಿಗೆ ಇಪ್ಪತ್ತು ಮೂವತ್ತು ಡಾಲರ್. ಒಂದು ದಿನ ಸೀಸ ಇದೆ ಅಂತು, ಮರುದಿನ ಇಲ್ಲ ಅಂತು. ಪೇಂಟಿನಲ್ಲಿ ಸೀಸ ಇದೆಯೇ ಅಂತ ನೋಡುವ ಕಡ್ಡಿ ಪೈಪಿಗೆ ಉಜ್ಜಲು ಸರಿ, ಕಾಣದ ಪೈಪಿಗೆ ಉಜ್ಜುವುದು ಹೇಗೆ? ಗೆಳೆಯರೊಬ್ಬರು ಬೆಂಗಳೂರಿನಿಂದ ತಂದ, ನೀರಿನಲ್ಲಿ ಕರಗಿದ್ದನ್ನೆಲ್ಲ ಒಟ್ಟಿಗೆ ಅಳೆಯುವ ಟಿಡಿಎಸ್ ಮೀಟರ್ ಅದ್ದಿ, ‘ನೂರಾ ಅರವತ್ತು ಚಿಲ್ಲರೆ, ಬೊಂಬಾಟ್ ನೀರು ಗುರೂ’ ಅಂದರು. ನಾನು ಹುಡುಕುತ್ತಿದ್ದದ್ದು 15 ಪಿಪಿಬಿ ಸೀಸ, ಅಂದರೆ ನೂರು ಕೋಟಿಯಲ್ಲಿ 15 ಪಾಲು. ಹತ್ತು ಲಕ್ಷಕ್ಕೆ ಎಷ್ಟು ಪಾಲು ಅನ್ನುವ ಆ ಮೀಟರಿನ ಲೆಕ್ಕದಲ್ಲಿ ಅದು 0.015. ಅಷ್ಟು ಸಣ್ಣ ಅಂಕಿ ಅದಕ್ಕೆ ಎಲ್ಲಿ ಕಾಣಬೇಕು?

ಬೆಳಗಿನ ಮೊದಲ ನೀರು ಲ್ಯಾಬಿಗೆ ಹೋದರೂ 3 ಪಿಪಿಬಿ ಆಸುಪಾಸು ಬಂತು. ಐದು ನಿಮಿಷ ಹರಿಸಿದ ನೀರಿನಲ್ಲಿ ಅದಕ್ಕಿಂತ ಕಡಿಮೆ. ‘ಇನ್ನೇನು ಬೇಕು, ಸುಮ್ನಿರಿ’ ಅಂದರು ಎಲ್ಲರೂ. ಆದರೆ ಮೊದಲ ಲೀಟರ್ ಅಡಿಗೆಮನೆಯ ಪೈಪಿನದು, ಐದು ನಿಮಿಷದ್ದು ಮೇನಿನದು. ರಾತ್ರಿಯಿಡೀ ಬೀದಿಯ ಕೆಳಗೆ ನಿಂತ ನೀರು ಇವೆರಡರ ನಡುವೆ ಸಿಂಕಿನಲ್ಲಿ ಹರಿದುಹೋಗಿರುತ್ತದೆ.

ಅದನ್ನು ಹಿಡಿಯಲು ಲೆಕ್ಕ ಹಾಕಿದೆ. ಅರ್ಧ ಇಂಚಿನ ತಾಮ್ರದಲ್ಲಿ ಅಡಿಗೆ ಸುಮಾರು 46 ಮಿ.ಲೀ., ಮುಕ್ಕಾಲು ಇಂಚಿನದರಲ್ಲಿ ಹತ್ತಿರಹತ್ತಿರ 95. ನಲ್ಲಿಯಿಂದ ಮೀಟರಿಗೆ ಅರ್ಧ ಇಂಚಿನದು ಮೂವತ್ತು ಅಡಿ, ಅಲ್ಲಿಂದ ಬಿ-ಬಾಕ್ಸಿಗೆ ಮುಕ್ಕಾಲು ಇಂಚಿನದು ಇನ್ನೊಂದು ಇಪ್ಪತ್ತೆಂಟು. ಅಂದರೆ ನಾಲ್ಕು ಲೀಟರ್ ಚೆಲ್ಲಿದ ಮೇಲೆ ಅನುಮಾನದ ಜಾಗ ಶುರು. 

ರಾತ್ರಿಯಿಡೀ ಪೈಪಿನ ನೀರು ಅಲುಗದಂತೆ ನಿಲ್ಲಿಸುವುದೇ ದೊಡ್ಡ ತಲೆನೋವು. ಎರಡು ಮನೆಗೂ ಒಂದೇ ಪೈಪು. ಮೇಲಿನವರು ನಡುರಾತ್ರಿ ಒಂದು ಸಲ ಫ್ಲಶ್ ಮಾಡಿದರೂ ಎಲ್ಲ ಹಾಳು. ಫ್ರಿಜ್ಜಿನ ಐಸ್ ಯಂತ್ರವೂ ಕಳ್ಳನೇ, ರಾತ್ರಿ ತನ್ನ ಪಾಡಿಗೆ ನೀರು ಎಳೆಯುತ್ತಿರುತ್ತದೆ. ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮೇಲಿನವರು ಊರಿಗೆ ಹೋದಾಗ ಐಸ್ ಯಂತ್ರ ಬಂದ್ ಮಾಡಿ, ಟಾಯ್ಲೆಟ್ಟುಗಳ ವಾಲ್ವ್ ತಿರುಗಿಸಿ ಮಲಗಿದೆವು. ಬೆಳಿಗ್ಗೆ ನಲ್ಲಿಯನ್ನು ಒಮ್ಮೆ ತೆರೆದದ್ದು, ಮುಗಿಯುವ ತನಕ ಮುಚ್ಚಲಿಲ್ಲ. ನಾನು ಬಾಟಲಿ ಹಿಡಿದೆ, ಹೆಂಡತಿ ಮುಚ್ಚಳ ಹಾಕಿ ನಂಬರ್ ಬರೆದಳು. ಹತ್ತು ಲೀಟರ್, ಹತ್ತು ಬಾಟಲಿ. ಲ್ಯಾಬ್ ಬಿಲ್ಲು 250 ಡಾಲರ್ ಆಸುಪಾಸು.

ಮೊದಲ ನಾಲ್ಕು ಬಾಟಲಿ 2ರಿಂದ 4 ಪಿಪಿಬಿ. ಐದನೆಯದು 11. ಆರನೆಯದು 20ರ ಹತ್ತಿರ. ಏಳನೆಯದು ಅದಕ್ಕಿಂತ ತುಸು ಕಡಿಮೆ. ಆಮೇಲೆ ಇಳಿಯುತ್ತಾ ಹತ್ತರಲ್ಲಿ ಮತ್ತೆ 3. ಲೆಕ್ಕ ಹೇಳಿದ ಜಾಗದಲ್ಲೇ ಏರಿತ್ತು. ಬೇಸಿಗೆಯಲ್ಲಿ ಮತ್ತೊಮ್ಮೆ ಹಿಡಿದಾಗ ಆರನೆಯದು ಇನ್ನೂ ಜಾಸ್ತಿ. ನೀರು ಬೆಚ್ಚಗಾದಷ್ಟೂ ಸೀಸ ಹೆಚ್ಚು ಬಿಡುತ್ತದೆ.

ಆ ಸಲ ಒಂದು ಬಾಟಲಿ ಹೆಚ್ಚಿಗೆ ಕಳಿಸಿದ್ದೆ. ಊರಿನಿಂದ ಅಮ್ಮ ಕೊಟ್ಟ ಕಲಾಯಿ ಹಾಕಿದ ಹಿತ್ತಾಳೆ ಚೊಂಬಿನಲ್ಲಿ ರಾತ್ರಿಯಿಟ್ಟ ನೀರು. ಫಿಲ್ಟರ್ ನೀರೇ ಹಾಕಿದ್ದರೂ 7 ಬಂತು! ಕಲಾಯಿಯವನು ತವರದ ಜೊತೆ ಏನು ಬೆರೆಸಿದ್ದನೋ. ಚೊಂಬು ಈಗ ಶೋಕೇಸಿನಲ್ಲಿದೆ.

ಪ್ಲಂಬರ್ ಕೊನೆಗೂ ಪರ್ಮಿಟ್ ತೆಗೆಸಿ ಬಿ-ಬಾಕ್ಸಿನ ಹತ್ತಿರ ಅಗೆಸಿದ. ಮನೆ ಕಡೆಗೆ ತಾಮ್ರ. ರಸ್ತೆ ಕಡೆಗೆ ಮಂಕು ಬೂದು ಪೈಪು, ಕೂಡುವಲ್ಲಿ ಈರುಳ್ಳಿ ಗಡ್ಡೆಯಂತೆ ಉಬ್ಬಿದ ಬೆಸುಗೆ. ಚಾಕು ತಾಗಿಸಿದ ಕಡೆ ಬೆಣ್ಣೆಯ ಮೇಲಿನಂತೆ ಗೆರೆ ಬಿದ್ದು ಬೆಳ್ಳಿ ಬಣ್ಣ ಮಿಂಚಿತು. ಅವನು ಮಾತಾಡದೆ ಫೋಟೊ ತೆಗೆದುಕೊಂಡ. ಈಗ ಬೇರೆ ಗಿರಾಕಿಗಳಿಗೆ ‘ಹತ್ತು ಬಾಟಲಿ ಹಿಡಿಯಿರಿ’ ಅಂತ ಅವನೇ ಹೇಳುತ್ತಾನಂತೆ.

ಪೂರ್ತಿ ಬದಲಿಸಲು ಕೇಳಿದ ರೇಟು 20 ಸಾವಿರ ಡಾಲರ್ ಮೇಲೆ. ನಗರಾಡಳಿತದವರು ಪರ್ಮಿಟ್ ಫೀ ಮನ್ನಾ ಮಾಡಿದರೂ ರಸ್ತೆ ಅಗೆಯುವ ಖರ್ಚೇ ಮುಖ್ಯ. ಮುಂದಿನ ಬೇಸಿಗೆಗೆ ಅಂತ ಇಟ್ಟಿದ್ದೇವೆ. ಅಲ್ಲಿಯ ತನಕ, ಸೀಸ ತೆಗೆಯುತ್ತದೆ ಅಂತ ಎನ್‌ಎಸ್‌ಎಫ್ 53 ಮಾನದಂಡದ ಗುರುತಿರುವ ಫಿಲ್ಟರ್, ಎರಡೂ ಅಡಿಗೆಮನೆಗೆ ಒಂದೊಂದು. ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾಗಿ, ಉಳಿದದ್ದರಲ್ಲಿ ಸೀಸದ ಪ್ರಮಾಣ ಇನ್ನಷ್ಟು ಹೆಚ್ಚುತ್ತದೆ. ಬಾಡಿಗೆಯವರಿಗೂ ಇದನ್ನು ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ.